ಕೈ ಜಿಪಿಎಸ್‌ನ ತಿದ್ದುಪಡಿ ಸಂಕೇತ: ಆನ್ ಮಾಡುವುದೋ, ಆಫ್ ಇಡುವುದೋ?

ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣ ಕೊಂಡವರು ಒಂದಲ್ಲ ಒಂದು ದಿನ ಅದರ ಸೆಟ್ಟಿಂಗ್‌ಗಳ ಒಳಹೊಕ್ಕು ಒಂದು ಸಾಲಿನ ಮುಂದೆ ತಡೆದು ನಿಲ್ಲುತ್ತಾರೆ: ‘ವಾಸ್/ಇಗ್ನಾಸ್: ಆನ್, ಆಫ್’. ಕೆಲವು ಉಪಕರಣಗಳಲ್ಲಿ ಇದೇ ಸಾಲು ‘ಎಸ್‌ಬಿಎಎಸ್’ ಎಂಬ ಹೆಸರಿನಲ್ಲಿರುತ್ತದೆ. ಆನ್ ಮಾಡಿದರೆ ನಿಖರತೆ ಹೆಚ್ಚುತ್ತದೆ ಎಂದು ಒಬ್ಬರು ಹೇಳಿರುತ್ತಾರೆ. ಬ್ಯಾಟರಿ ಖಾಲಿಯಾಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ ಎಂದು ಇನ್ನೊಬ್ಬರು. ಯಾರ ಮಾತು ಸರಿ ಎಂದು ಕೇಳುವ ಪತ್ರಗಳು ನಿಲ್ಲುವಂತೆ ಕಾಣುತ್ತಿಲ್ಲ, ಆದ್ದರಿಂದ ಉತ್ತರವನ್ನು ಒಮ್ಮೆ ವಿವರವಾಗಿಯೇ ಬರೆದಿಡುತ್ತಿದ್ದೇನೆ.

ತುರ್ತಿನಲ್ಲಿರುವವರಿಗೆ: ಆನ್ ಮಾಡಿ, ಹಾಗೆಯೇ ಬಿಡಿ. ತೆರೆದ ಆಕಾಶದ ಕೆಳಗೆ ಸ್ವಲ್ಪ ಲಾಭವಿದೆ, ಮರಗಳ ಕೆಳಗೆ ಬಹುಮಟ್ಟಿಗೆ ಏನೂ ಇಲ್ಲ. ಆದರೆ ಆಫ್ ಮಾಡುವುದೇ ಜಾಣತನ ಎನ್ನಿಸುವ ಸಂದರ್ಭಗಳೂ ಇವೆ. ಅವು ಯಾವುವು ಎಂದು ತಿಳಿಯಬೇಕಾದರೆ ಈ ಸಂಕೇತ ಯಾವ ದೋಷವನ್ನು ತಿದ್ದುತ್ತದೆ, ಯಾವುದನ್ನು ಮುಟ್ಟುವುದೇ ಇಲ್ಲ ಎಂಬುದು ಗೊತ್ತಿರಬೇಕು.

ಮೊದಲು, ಇದು ಏನು?

ಜಿಪಿಎಸ್ ಉಪಗ್ರಹದ ಸಂಕೇತ ನಿಮ್ಮ ಕೈಯನ್ನು ತಲುಪುವಷ್ಟರಲ್ಲಿ ಹಲವು ಕಡೆ ತಡವಾಗುತ್ತದೆ. ಅತಿ ಹೆಚ್ಚು ತಡೆಯುವುದು ಅಯಾನುಗೋಳ, ಅಂದರೆ ಸೂರ್ಯನ ವಿಕಿರಣದಿಂದ ವಿದ್ಯುದಾವೇಶ ಪಡೆದ ಕಣಗಳು ತುಂಬಿರುವ ವಾತಾವರಣದ ಮೇಲಿನ ಪದರ. ಇದರ ಜೊತೆಗೆ ಉಪಗ್ರಹದ ಗಡಿಯಾರದಲ್ಲಿ ಮತ್ತು ಅದು ಪ್ರಕಟಿಸುವ ಕಕ್ಷೆಯ ಲೆಕ್ಕದಲ್ಲಿ ಸಣ್ಣ ತಪ್ಪುಗಳಿರುತ್ತವೆ. ಜಿಪಿಎಸ್ ತಾನೇ ಒಂದು ಸರಳ ಅಯಾನುಗೋಳ ಮಾದರಿಯನ್ನು ಪ್ರಸಾರ ಮಾಡುತ್ತದೆ. ಅದು ಸರಾಸರಿ ಅರ್ಧದಷ್ಟು ದೋಷವನ್ನು ಕಳೆಯುತ್ತದೆ, ಉಳಿದರ್ಧ ನಿಮ್ಮ ಪಾಲಿಗೆ.

ಆ ಉಳಿದರ್ಧವನ್ನು ಹಿಡಿಯಲು ಹೂಡಿರುವ ವ್ಯವಸ್ಥೆಗೆ ಎಸ್‌ಬಿಎಎಸ್ ಎನ್ನುತ್ತಾರೆ; ವಾಸ್, ಇಗ್ನಾಸ್ ಎಂಬುವು ಬೇರೆ ಬೇರೆ ಪ್ರದೇಶಗಳಲ್ಲಿ ಅದಕ್ಕಿರುವ ಹೆಸರುಗಳು. ಕನ್ನಡದಲ್ಲಿ ಉಪಗ್ರಹ ಆಧಾರಿತ ವರ್ಧನಾ ವ್ಯವಸ್ಥೆ ಎನ್ನಬಹುದು. ಸ್ಥಾನವನ್ನು ಕರಾರುವಾಕ್ಕಾಗಿ ಅಳೆದಿಟ್ಟ ಜಾಗಗಳಲ್ಲಿ ನೆಲಕೇಂದ್ರಗಳು ಜಿಪಿಎಸ್ ಸಂಕೇತವನ್ನು ಹಗಲಿರುಳು ಆಲಿಸುತ್ತವೆ. ತಾನಿರುವ ಜಾಗ ಗೊತ್ತಿರುವುದರಿಂದ ಸಂಕೇತ ಎಷ್ಟು ಸುಳ್ಳು ಹೇಳುತ್ತಿದೆ ಎಂಬುದೂ ಕೇಂದ್ರಕ್ಕೆ ಗೊತ್ತಾಗುತ್ತದೆ. ಎಲ್ಲ ಕೇಂದ್ರಗಳ ವರದಿಯನ್ನು ಒಂದು ಮುಖ್ಯ ಕೇಂದ್ರ ಒಟ್ಟುಗೂಡಿಸಿ, ತಿದ್ದುಪಡಿ ಪಟ್ಟಿ ಮಾಡಿ, ಭೂಸ್ಥಿರ ಉಪಗ್ರಹಕ್ಕೆ ಕಳುಹಿಸುತ್ತದೆ. ಭೂಸ್ಥಿರ ಉಪಗ್ರಹವೆಂದರೆ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ನಮಗೆ ನಿಂತಲ್ಲೇ ನಿಂತಂತೆ ಕಾಣುವ ಉಪಗ್ರಹ. ಅದು ಪಟ್ಟಿಯನ್ನು ಜಿಪಿಎಸ್‌ನದೇ ಆವರ್ತನದಲ್ಲಿ, ಅಂದರೆ 1575.42 ಮೆಗಾಹರ್ಟ್ಸ್‌ನಲ್ಲಿ ಮರುಪ್ರಸಾರ ಮಾಡುತ್ತದೆ. ಹೀಗಾಗಿ ಬೇರೆ ಆಂಟೆನಾ ಬೇಡ, ಚಂದಾ ಬೇಡ, ಸಿಮ್ ಬೇಡ. ವೇಗ ಮಾತ್ರ ಸೆಕೆಂಡಿಗೆ 250 ಬಿಟ್; ಇಂದಿನ ಲೆಕ್ಕದಲ್ಲಿ ಎತ್ತಿನಗಾಡಿ. ಈ ನಿಧಾನಗತಿ ಮುಂದೆ ಮತ್ತೆ ಎದುರಾಗುತ್ತದೆ.

ಇದನ್ನು ಕಟ್ಟಿದ್ದು ಚಾರಣಿಗರಿಗಾಗಿ ಅಲ್ಲ, ವಿಮಾನಗಳಿಗಾಗಿ. ವಿಮಾನಕ್ಕೆ ನಿಖರತೆಗಿಂತಲೂ ಮುಖ್ಯವಾದದ್ದು ‘ಈ ಉಪಗ್ರಹವನ್ನು ಈಗ ನಂಬಬೇಡ’ ಎಂಬ ಎಚ್ಚರಿಕೆ ಕೆಲವೇ ಸೆಕೆಂಡುಗಳಲ್ಲಿ ಸಿಗುವುದು. ಕೈ ಉಪಕರಣ ಅದೇ ಪ್ರಸಾರದಿಂದ ತನಗೆ ಬೇಕಾದ ತಿದ್ದುಪಡಿಯನ್ನಷ್ಟೇ ಆರಿಸಿಕೊಳ್ಳುತ್ತದೆ.

ಸಲಹೆಗಳು ಒಂದಕ್ಕೊಂದು ಎದುರಾಗುವುದೇಕೆ?

ಏಕೆಂದರೆ ಎರಡೂ ತಮ್ಮ ಕಾಲದಲ್ಲಿ ನಿಜವಾಗಿದ್ದವು. 2000ದ ಮೇ 2ರವರೆಗೆ ಅಮೆರಿಕದ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ದೋಷ 100 ಮೀಟರ್‌ವರೆಗೂ ಹೋಗುತ್ತಿತ್ತು. ಆಗ ಯಾವ ಬಗೆಯ ತಿದ್ದುಪಡಿ ಸಿಕ್ಕರೂ ಅದು ವರವೇ. ‘ತಿದ್ದುಪಡಿ ಇಲ್ಲದ ಜಿಪಿಎಸ್ ಜಿಪಿಎಸ್ಸೇ ಅಲ್ಲ’ ಎಂಬ ಧಾಟಿಯ ಮಾತು ಅಲ್ಲಿಂದ ಉಳಿದುಬಂದದ್ದು. ಆ ಬಳಿಕದ ಕೆಲವು ವರ್ಷಗಳಲ್ಲಿ ಬಂದ ಉಪಕರಣಗಳಿಗೆ ಸಾಮಾನ್ಯವಾಗಿ 12 ಚಾನೆಲ್‌ಗಳಿದ್ದವು, ಅಂದರೆ ಏಕಕಾಲಕ್ಕೆ 12 ಉಪಗ್ರಹಗಳನ್ನಷ್ಟೇ ಆಲಿಸಬಲ್ಲವು. ವಾಸ್ ಆನ್ ಮಾಡಿದರೆ ಅವುಗಳಲ್ಲಿ ಒಂದೆರಡು ಚಾನೆಲ್‌ಗಳು ಭೂಸ್ಥಿರ ಉಪಗ್ರಹದ ಹುಡುಕಾಟಕ್ಕೆ ಮೀಸಲಾಗುತ್ತಿದ್ದವು. ವ್ಯವಸ್ಥೆಯೇ ಇಲ್ಲದ ಪ್ರದೇಶದಲ್ಲಿದ್ದವರಿಗೆ ಅದು ಶುದ್ಧ ನಷ್ಟ. ‘ಆಫ್ ಮಾಡಿಬಿಡಿ’ ಎಂಬ ಸಲಹೆ ಹುಟ್ಟಿದ್ದು ಹೀಗೆ. ಈಗಿನ ರಿಸೀವರ್‌ಗಳಲ್ಲಿ ಚಾನೆಲ್‌ಗಳಿಗೆ ಬರವಿಲ್ಲ, ಸಂಕೇತವನ್ನು ಯಾರೂ ಕೆಡಿಸುತ್ತಲೂ ಇಲ್ಲ. ಸಲಹೆಗಳು ಮಾತ್ರ ಹಾಗೆಯೇ ತಿರುಗುತ್ತಿವೆ.

ಇನ್ನು ಕೆಲಸಕ್ಕೆ ಬರೋಣ.

ಹಂತ 1: ನಿಮ್ಮ ತಲೆಯ ಮೇಲೆ ವ್ಯವಸ್ಥೆ ಇದೆಯೇ ನೋಡಿ

ಉತ್ತರ ಅಮೆರಿಕದ ಮೇಲೆ ವಾಸ್ ಇದೆ, 2003ರ ಜುಲೈಯಿಂದ. ಯುರೋಪಿನಲ್ಲಿ ಇಗ್ನಾಸ್, ಅದರ ಮುಕ್ತ ಸೇವೆ 2009ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಜಪಾನಿನ ಎಂಸಾಸ್ 2007ರದು. ಭಾರತದ ವ್ಯವಸ್ಥೆ ಗಗನ್, ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ ಕಟ್ಟಿದ್ದು. ಅದಕ್ಕೆ ಮೊದಲ ಹಂತದ ಪ್ರಮಾಣಪತ್ರ ಸಿಕ್ಕಿದ್ದು 2013ರ ಡಿಸೆಂಬರ್ 30ರಂದು, ವಿಮಾನಗಳನ್ನು ರನ್‌ವೇಯತ್ತ ಇಳಿಸುವ ಹಂತದ್ದು 2015ರ ಏಪ್ರಿಲ್‌ನಲ್ಲಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಜಂಟಿಯಾಗಿ ಸೌತ್‌ಪ್ಯಾನ್‌ನ ಆರಂಭಿಕ ಸೇವೆಗಳನ್ನು 2022ರಲ್ಲಿ ಶುರು ಮಾಡಿದವು. ರಷ್ಯಾ, ಚೀನಾ, ದಕ್ಷಿಣ ಕೊರಿಯಾಗಳಿಗೂ ತಮ್ಮದೇ ವ್ಯವಸ್ಥೆಗಳಿವೆ. ಉಪಕರಣದ ಮೆನು ‘ವಾಸ್/ಇಗ್ನಾಸ್’ ಎಂದಷ್ಟೇ ಹೇಳಿದರೂ ಗಾಬರಿ ಬೇಡ. ಎಲ್ಲ ವ್ಯವಸ್ಥೆಗಳ ಭಾಷೆ ಒಂದೇ, ಹಾಗಾಗಿ ಆ ಸ್ವಿಚ್ ಸಾಮಾನ್ಯವಾಗಿ ಎಲ್ಲಕ್ಕೂ ಅನ್ವಯಿಸುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಕಲ್ಲಿದೆ. ಉಪಗ್ರಹ ಕಾಣುವುದೇ ಬೇರೆ, ಸೇವೆ ಸಿಗುವುದೇ ಬೇರೆ. ಭೂಸ್ಥಿರ ಉಪಗ್ರಹ ಭೂಗೋಳದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜಾಗಕ್ಕೆ ಕಾಣುತ್ತದೆ. ಆದರೆ ತಿದ್ದುಪಡಿ ಬೆಲೆಬಾಳುವುದು ನೆಲಕೇಂದ್ರಗಳು ಹರಡಿರುವಷ್ಟು ಪ್ರದೇಶದಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಮಾತ್ರ. ಗಗನ್‌ಗೆ ಅಂಥ 15 ಕೇಂದ್ರಗಳಿವೆ. ಜಮ್ಮುವಿನಿಂದ ತಿರುವನಂತಪುರದವರೆಗೆ, ಪೋರಬಂದರಿನಿಂದ ಪೋರ್ಟ್‌ಬ್ಲೇರ್‌ವರೆಗೆ. ಈ ಬಲೆಯಿಂದ ಸಾವಿರಾರು ಕಿ.ಮೀ. ದೂರ ಹೋದರೆ ಉಪಗ್ರಹ ಪರದೆಯ ಮೇಲೆ ಕಾಣುತ್ತಲೇ ಇರುತ್ತದೆ, ಆದರೆ ನಿಮ್ಮ ನೆತ್ತಿಯ ಮೇಲಿನ ಅಯಾನುಗೋಳದ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಬುದ್ಧಿವಂತ ರಿಸೀವರ್ ಅಂಥ ತಿದ್ದುಪಡಿಯನ್ನು ಬದಿಗಿಡುತ್ತದೆ. ಹಳೆಯವುಗಳಲ್ಲಿ ಕೆಲವು ಸಿಕ್ಕಿದ್ದನ್ನು ಅರೆಬರೆ ಬಳಸಿ ಸ್ಥಾನವನ್ನು ಇನ್ನಷ್ಟು ಕೆಡಿಸುವುದೂ ಉಂಟು. ಸೇವಾವಲಯದ ಹೊರಗಿದ್ದೀರಾದರೆ ಆಫ್ ಮಾಡಿ. ನಿಮ್ಮ ಮಟ್ಟಿಗೆ ಲೇಖನ ಇಲ್ಲಿಗೇ ಮುಗಿಯಿತು.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸಿಬಿಡುತ್ತೇನೆ: ಗಗನ್ ಮತ್ತು ನಾವಿಕ್ ಒಂದೇ ಅಲ್ಲ. ನಾವಿಕ್ ಭಾರತದ ಸ್ವಂತ ಸ್ಥಾನ ನಿರ್ಣಯ ವ್ಯವಸ್ಥೆ, ಜಿಪಿಎಸ್‌ನ ಹಾಗೆ. ಗಗನ್ ಜಿಪಿಎಸ್‌ಗೇ ತಿದ್ದುಪಡಿ ಕೊಡುವ ವ್ಯವಸ್ಥೆ. ಉಪಕರಣದ ಡಬ್ಬಿಯ ಮೇಲೆ ಒಂದರ ಹೆಸರು ಇದ್ದ ಮಾತ್ರಕ್ಕೆ ಇನ್ನೊಂದೂ ಇದೆ ಎಂದರ್ಥವಲ್ಲ.

ಹಂತ 2: ಸೆಟ್ಟಿಂಗ್ ಬದಲಿಸಿ; ಅದೊಂದನ್ನೇ ಅಲ್ಲ

ಸೆಟಪ್‌ನಲ್ಲಿ ‘ಸಿಸ್ಟಂ’ ಅಥವಾ ‘ಸ್ಯಾಟಲೈಟ್’ ಎಂಬ ಭಾಗದಲ್ಲಿ ಸ್ವಿಚ್ ಸಿಗುತ್ತದೆ. ಆನ್ ಮಾಡಿ. ಆದರೆ ಅದರ ಪಕ್ಕದಲ್ಲಿರುವ ಮೂರು ಸೆಟ್ಟಿಂಗ್‌ಗಳನ್ನು ನೋಡದಿದ್ದರೆ ಆನ್ ಮಾಡಿದ್ದು ವ್ಯರ್ಥವಾಗಬಹುದು.

ಮೊದಲನೆಯದು ಬ್ಯಾಟರಿ ಉಳಿತಾಯದ ಸ್ಥಿತಿ. ಇದರಲ್ಲಿ ರಿಸೀವರ್ ಸ್ವಲ್ಪ ಹೊತ್ತು ಕೇಳಿ ಸ್ವಲ್ಪ ಹೊತ್ತು ನಿದ್ದೆ ಮಾಡುತ್ತದೆ. ತಿದ್ದುಪಡಿ ಪ್ರಸಾರವೋ ಎಡೆಬಿಡದೆ ಕೇಳಿಸಿಕೊಳ್ಳಬೇಕಾದದ್ದು, ಮಧ್ಯೆ ತೂಕಡಿಸಿದರೆ ಪಾಠ ತಪ್ಪುತ್ತದೆ. ಹಾಗಾಗಿ ಅನೇಕ ಉಪಕರಣಗಳಲ್ಲಿ ಉಳಿತಾಯ ಸ್ಥಿತಿ ಆನ್ ಆದೊಡನೆ ವಾಸ್ ತಾನಾಗಿಯೇ ನಿಂತುಹೋಗುತ್ತದೆ, ಕೆಲವೊಮ್ಮೆ ಹೇಳದೆ ಕೇಳದೆ. ನಾನೇ ಒಮ್ಮೆ ಅರ್ಧ ದಿನ ಆನ್-ಆಫ್ ಹೋಲಿಕೆ ಮಾಡಿ, ವ್ಯತ್ಯಾಸವೇ ಇಲ್ಲ ಎಂದು ತೀರ್ಮಾನಕ್ಕೆ ಬಂದ ಮೇಲೆ, ಉಳಿತಾಯ ಸ್ಥಿತಿ ಮೊದಲಿನಿಂದಲೂ ಆನ್ ಇದ್ದದ್ದನ್ನು ಕಂಡು ಪುಸ್ತಕದ ಆ ಪುಟವನ್ನು ಹರಿದು ಹಾಕಿದ್ದೇನೆ. ‘ವಾಸ್ ಬ್ಯಾಟರಿ ತಿನ್ನುತ್ತದೆ’ ಎಂಬ ದೂರಿನ ಮೂಲವೂ ಇಲ್ಲೇ ಇದೆ. ತಿದ್ದುಪಡಿಯನ್ನು ಬಿಡಿಸಿಕೊಳ್ಳಲು ತಗಲುವ ವಿದ್ಯುತ್ತು ಅಲ್ಪ. ಉಳಿತಾಯ ಸ್ಥಿತಿಯನ್ನು ಬಿಟ್ಟುಕೊಡಬೇಕಾಗುವುದೇ ದುಬಾರಿ.

ಎರಡನೆಯದು ಅಕ್ಷಾಂಶ-ರೇಖಾಂಶ ತೋರಿಸುವ ವಿಧಾನ. ಇದನ್ನು ಯಾರೂ ಗಮನಿಸುವುದಿಲ್ಲ. ಅನೇಕ ಉಪಕರಣಗಳು ಪೆಟ್ಟಿಗೆಯಿಂದ ಹೊರಬರುವಾಗ ಡಿಗ್ರಿ ಮತ್ತು ಮಿನಿಟುಗಳಲ್ಲಿ, ಮಿನಿಟಿನ ಮೂರು ದಶಮಾಂಶದವರೆಗೆ ತೋರಿಸುತ್ತವೆ. ಆ ಕೊನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ 1.85 ಮೀಟರ್. ಡಿಗ್ರಿ-ಮಿನಿಟು-ಸೆಕೆಂಡುಗಳಲ್ಲಿ, ಸೆಕೆಂಡಿನ ಒಂದೇ ದಶಮಾಂಶ ಇಟ್ಟುಕೊಂಡರೆ 3 ಮೀಟರ್‌ಗೂ ಸ್ವಲ್ಪ ಹೆಚ್ಚು. ತಿದ್ದುಪಡಿಯಿಂದ ಸಿಗುವ ಲಾಭವೇ ಒಂದೆರಡು ಮೀಟರ್ ಇರುವಾಗ, ಮೂರು ಮೀಟರ್ ಗೆರೆಗಳ ಅಳತೆಕೋಲಿನಲ್ಲಿ ಅದನ್ನು ಹುಡುಕುವುದು ಸಾಮಾನು ಲಾರಿ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದಂತೆ. ಡಿಗ್ರಿಯ ಐದು ದಶಮಾಂಶಕ್ಕೆ ಬದಲಿಸಿದರೆ ಕೊನೆಯ ಅಂಕಿಗೆ 1.1 ಮೀಟರ್. ಯುಟಿಎಂ ಎಂಬ ಚೌಕಳಿ ವಿಧಾನದಲ್ಲಿ ಅಂಕಿಗಳು ನೇರವಾಗಿ ಮೀಟರ್‌ಗಳಲ್ಲೇ ಇರುತ್ತವೆ, ಹೋಲಿಕೆಗೆ ಅದೇ ಸುಲಭ.

ಮೂರನೆಯದು ಡೇಟಮ್. ಭೂಮಿಯ ಆಕಾರವನ್ನು ಯಾವ ಮಾದರಿಯಲ್ಲಿ ಹಿಡಿದು ಅಂಕಿಗಳನ್ನು ಕೊಡುತ್ತಿದ್ದೇವೆ ಎಂಬುದು ಡೇಟಮ್. ಅದು ಡಬ್ಲ್ಯುಜಿಎಸ್ 84 ಆಗಿರಲಿ. ಹಳೆಯ ಮುದ್ರಿತ ನಕ್ಷೆಗಳು ಬೇರೆ ಡೇಟಮ್‌ನಲ್ಲಿರುತ್ತವೆ; ಹೊಂದಾಣಿಕೆ ತಪ್ಪಿದರೆ ಸ್ಥಾನ ಹತ್ತಾರು, ಕೆಲವೆಡೆ ನೂರಾರು ಮೀಟರ್ ಜರುಗುತ್ತದೆ. ಅದನ್ನು ಯಾವ ಉಪಗ್ರಹವೂ ತಿದ್ದುವುದಿಲ್ಲ.

ತಂತ್ರಾಂಶ ನವೀಕರಿಸಿದ ಮೇಲೆ ಅಥವಾ ಉಪಕರಣವನ್ನು ಮೂಲಸ್ಥಿತಿಗೆ ತಂದ ಮೇಲೆ ಇವೆಲ್ಲವನ್ನೂ ಮತ್ತೊಮ್ಮೆ ನೋಡಿಕೊಳ್ಳಿ. ಸ್ವಿಚ್ ಸದ್ದಿಲ್ಲದೆ ಆಫ್‌ಗೆ ಮರಳಿರಬಹುದು.

ಹಂತ 3: ತೆರೆದ ಜಾಗದಲ್ಲಿ ನಿಲ್ಲಿ, ಕಾಯಿರಿ

ಮನೆಯ ಒಳಗೆ, ಕಿಟಕಿಯ ಬಳಿ, ಮರದ ನೆರಳಿನಲ್ಲಿ ಇದನ್ನು ಪ್ರಯತ್ನಿಸಬೇಡಿ. ಜಿಪಿಎಸ್ ಉಪಗ್ರಹಗಳು ಆಕಾಶದ ತುಂಬ ಹರಡಿರುತ್ತವೆ. ಒಂದು ಮರೆಯಾದರೆ ಇನ್ನೊಂದು ಬರುತ್ತದೆ. ಭೂಸ್ಥಿರ ಉಪಗ್ರಹಗಳು ಎಲ್ಲೋ ಒಂದೆರಡು, ಅವೂ ಜರುಗುವುದಿಲ್ಲ. ಅವು ಇರುವ ದಿಕ್ಕಿಗೆ ಗೋಡೆಯೋ ಗುಡ್ಡವೋ ಅಡ್ಡ ಬಂದರೆ ದಿನವಿಡೀ ಅಡ್ಡವೇ. ಉತ್ತರಾರ್ಧಗೋಳದವರಿಗೆ ಅವು ದಕ್ಷಿಣದ ಕಡೆ ಇರುತ್ತವೆ, ದಕ್ಷಿಣಾರ್ಧಗೋಳದವರಿಗೆ ಉತ್ತರದ ಕಡೆ. ಟಿವಿಯ ಡಿಶ್ ಆಂಟೆನಾಗಳು ಮುಖ ಮಾಡಿರುವುದೂ ಇದೇ ಪಟ್ಟಿಗೆ. ಭೂಮಧ್ಯರೇಖೆಗೆ ಹತ್ತಿರವಿದ್ದಷ್ಟೂ ಅವು ಎತ್ತರದಲ್ಲಿ ಕಾಣುತ್ತವೆ, ಧ್ರುವಗಳ ಕಡೆ ಹೋದಷ್ಟೂ ದಿಗಂತಕ್ಕೆ ಇಳಿಯುತ್ತವೆ. ಉತ್ತರ ಯುರೋಪಿನ ಕಣಿವೆಯಲ್ಲಿ ನಿಂತವರಿಗೆ ಇಗ್ನಾಸ್ ಸಿಗದಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಉಪಕರಣವನ್ನು ಎದೆಯ ಎತ್ತರದಲ್ಲಿ, ದೇಹದಿಂದ ದೂರ ಹಿಡಿಯಿರಿ ಅಥವಾ ಗೂಟದ ಮೇಲಿಡಿ. ನಿಮ್ಮ ದೇಹವೂ ಗೋಡೆಯೇ.

ಈಗ ತಾಳ್ಮೆ ಬೇಕು. ಅಯಾನುಗೋಳದ ತಿದ್ದುಪಡಿ ಒಂದೇ ಸಂಖ್ಯೆಯಲ್ಲ. 350 ಕಿ.ಮೀ. ಎತ್ತರದಲ್ಲಿ ಸಾಮಾನ್ಯವಾಗಿ 5 ಡಿಗ್ರಿಗೊಂದು ಗೆರೆ ಎಳೆದು ಕಲ್ಪಿಸಿಕೊಂಡ ಬಲೆಯ ಪ್ರತಿ ಗಂಟಿಗೂ ಒಂದೊಂದು ಬೆಲೆ ಬರಬೇಕು. ಸೆಕೆಂಡಿಗೆ 250 ಬಿಟ್‌ನ ಎತ್ತಿನಗಾಡಿಯಲ್ಲಿ ಈ ಬಲೆ ಪೂರ್ತಿ ಬಂದು ಸೇರಲು ಐದು ನಿಮಿಷದವರೆಗೆ ಹಿಡಿಯಬಹುದು. ಬಹಳ ದಿನ ಬಳಸದೆ ಇಟ್ಟ ಉಪಕರಣವಾದರೆ ಅದಕ್ಕೂ ಹೆಚ್ಚು. ಎರಡು ನಿಮಿಷ ನೋಡಿ ‘ನನ್ನದರಲ್ಲಿ ಕೆಲಸ ಮಾಡುವುದಿಲ್ಲ’ ಎಂದು ಬರೆಯುವವರಿಗೆ ನಾನು ಕೊಡುವ ಮೊದಲ ಉತ್ತರ: ಕಾಲು ಗಂಟೆ ಬಿಟ್ಟು ಮತ್ತೆ ನೋಡಿ.

ಹಂತ 4: ಪರದೆಯನ್ನು ಓದುವುದು

ಉಪಗ್ರಹಗಳ ಪುಟ ತೆರೆಯಿರಿ. ಪ್ರತಿ ಉಪಗ್ರಹಕ್ಕೂ ಒಂದು ಕಂಬ, ಅದರ ಕೆಳಗೆ ಒಂದು ಸಂಖ್ಯೆ. 1ರಿಂದ 32 ಜಿಪಿಎಸ್‌ನವು. ಅನೇಕ ಉಪಕರಣಗಳಲ್ಲಿ 33ರಿಂದ 64ರವರೆಗಿನವು ತಿದ್ದುಪಡಿ ಉಪಗ್ರಹಗಳು. ಈ ಸಂಖ್ಯೆಗೆ 87 ಕೂಡಿಸಿದರೆ ಉಪಗ್ರಹದ ಅಧಿಕೃತ ಸಂಕೇತ ಸಂಖ್ಯೆ ಸಿಗುತ್ತದೆ. ಗಗನ್ ಪ್ರಸಾರ ಹೊತ್ತಿರುವ ಜಿಸ್ಯಾಟ್-8ರದು 127, ಜಿಸ್ಯಾಟ್-10ರದು 128, ಜಿಸ್ಯಾಟ್-15ರದು 132. ಪರದೆಯ ಮೇಲೆ ಅವು 40, 41, 45 ಆಗಿ ಕಾಣುತ್ತವೆ. ಕೆಲವು ಹೊಸ ಉಪಕರಣಗಳು ಮೂಲ ಸಂಖ್ಯೆಯನ್ನೇ ತೋರಿಸುತ್ತವೆ.

ಆ ಕಂಬ ಮೊದಲು ಟೊಳ್ಳಾಗಿರುತ್ತದೆ ಅಥವಾ ಬೂದು ಬಣ್ಣದಲ್ಲಿರುತ್ತದೆ. ಅಂದರೆ ಸಂಕೇತ ಕೇಳಿಸುತ್ತಿದೆ, ಅರ್ಥ ಇನ್ನೂ ಆಗಿಲ್ಲ. ಕೆಲವು ನಿಮಿಷಗಳ ಬಳಿಕ ಅದು ತುಂಬಿಕೊಳ್ಳುತ್ತದೆ. ಆಮೇಲೆ ನೋಡಬೇಕಾದದ್ದು ಅದನ್ನಲ್ಲ, ಪಕ್ಕದ ಜಿಪಿಎಸ್ ಕಂಬಗಳನ್ನು. ಒಂದೊಂದರ ಮೇಲೂ ಇಂಗ್ಲಿಷಿನ ‘ಡಿ’ ಅಕ್ಷರ ಮೂಡತೊಡಗುತ್ತದೆ; ಮೊದಲು ಒಂದರಲ್ಲಿ, ಮತ್ತೆ ಇನ್ನೆರಡರಲ್ಲಿ, ಒಂದು ನಿಮಿಷದೊಳಗೆ ಹೆಚ್ಚಿನವುಗಳಲ್ಲಿ. ಆ ಉಪಗ್ರಹಕ್ಕೆ ತಿದ್ದುಪಡಿ ಅನ್ವಯವಾಗುತ್ತಿದೆ ಎಂಬುದರ ಗುರುತು ಅದು. ದಿಗಂತಕ್ಕೆ ಹತ್ತಿರವಿರುವ ಒಂದೆರಡಕ್ಕೆ ‘ಡಿ’ ಬರದಿದ್ದರೆ ಚಿಂತೆಯಿಲ್ಲ. ಯಾವುದಕ್ಕೂ ಬರದಿದ್ದರೆ, ಭೂಸ್ಥಿರ ಉಪಗ್ರಹದ ಕಂಬ ಎಷ್ಟೇ ಎತ್ತರವಿರಲಿ, ತಿದ್ದುಪಡಿ ನಡೆಯುತ್ತಿಲ್ಲ. ಕಂಪ್ಯೂಟರಿಗೆ ಜೋಡಿಸಿ ಕಚ್ಚಾ ದತ್ತಾಂಶ ನೋಡುವವರಿಗೆ ಇನ್ನೂ ಸುಲಭ: ‘ಜಿಜಿಎ’ ಸಾಲಿನಲ್ಲಿ ಗುಣಮಟ್ಟದ ಅಂಕಿ 1 ಇದ್ದರೆ ಬರೀ ಜಿಪಿಎಸ್, 2 ಇದ್ದರೆ ತಿದ್ದುಪಡಿ ಸೇರಿದೆ.

ಜಿಪಿಎಸ್‌ನಂಥವೇ ಬೇರೆ ವ್ಯವಸ್ಥೆಗಳಾದ ಗ್ಲೊನಾಸ್, ಗೆಲಿಲಿಯೊ, ಬೈಡೌಗಳ ಉಪಗ್ರಹಗಳೂ ಆನ್ ಆಗಿದ್ದರೆ ಅವುಗಳ ಮೇಲೆ ‘ಡಿ’ ಹುಡುಕಬೇಡಿ. ವಾಸ್, ಇಗ್ನಾಸ್, ಗಗನ್ ಇಂದು ಕೈ ಉಪಕರಣಕ್ಕೆ ಕೊಡುತ್ತಿರುವುದು ಜಿಪಿಎಸ್ ಉಪಗ್ರಹಗಳ ತಿದ್ದುಪಡಿ ಮಾತ್ರ.

ಒಂದು ಎಚ್ಚರಿಕೆ. ‘ಡಿ’ ಮೂಡಿದೊಡನೆ ಪರದೆಯ ಮೇಲಿನ ‘ನಿಖರತೆ: 5 ಮೀ.’ ಎಂಬುದು 3ಕ್ಕೋ 2ಕ್ಕೋ ಇಳಿಯುತ್ತದೆ, ನೋಡಿ ಖುಷಿಯಾಗುತ್ತದೆ. ಅದು ಅಳತೆಯಲ್ಲ, ಉಪಕರಣ ತನಗೆ ತಾನೇ ಕೊಟ್ಟುಕೊಂಡ ಅಂಕ. ತಿದ್ದುಪಡಿ ಸಿಕ್ಕಿದೆ, ಆದ್ದರಿಂದ ದೋಷ ಕಡಿಮೆಯಾಗಿರಬೇಕು ಎಂಬ ಊಹೆಯಷ್ಟೇ ಅದರ ಹಿಂದಿರುವುದು. ಪಕ್ಕದ ಕಟ್ಟಡದ ಗೋಡೆಗೆ ಬಡಿದು ಬಂದ ಪ್ರತಿಫಲಿತ ಸಂಕೇತ ನಿಮ್ಮನ್ನು ಎಂಟು ಮೀಟರ್ ಆಚೆ ತಳ್ಳಿದ್ದರೂ ಅದು ನಗುನಗುತ್ತ ‘2 ಮೀ.’ ಎನ್ನಬಲ್ಲದು.

ಹಂತ 5: ನಂಬಬೇಡಿ, ಅಳೆದು ನೋಡಿ

ಪರೀಕ್ಷೆಗೆ ಬೇಕಾದದ್ದು ಒಂದು ಗೂಟ, ಒಂದು ನೋಟ್‌ಬುಕ್, ತೆರೆದ ಜಾಗ ಮತ್ತು ಎರಡು ದಿನ. ನಿಖರ ಸ್ಥಾನ ಗೊತ್ತಿರುವ ಸರ್ವೆ ಗುರುತು ಹತ್ತಿರವಿದ್ದರೆ ಒಳ್ಳೆಯದು; ಇಲ್ಲದಿದ್ದರೂ ಅಳತೆಗಳು ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದನ್ನಾದರೂ ತಿಳಿಯಬಹುದು.

ಜನ ಸಾಮಾನ್ಯವಾಗಿ ಮಾಡುವುದು ಹೀಗೆ: ಬೆಳಿಗ್ಗೆ ಆಫ್ ಮಾಡಿ ಹತ್ತು ಅಳತೆ, ಮಧ್ಯಾಹ್ನ ಆನ್ ಮಾಡಿ ಹತ್ತು ಅಳತೆ, ಸಂಜೆಗೆ ತೀರ್ಪು. ಇದು ನಡೆಯದು. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಉಪಗ್ರಹಗಳ ಜೋಡಣೆ ಬೇರೆ, ಅಯಾನುಗೋಳದ ದಪ್ಪವೂ ಬೇರೆ. ನೀವು ಹೋಲಿಸಿದ್ದು ಸ್ವಿಚ್ಚನ್ನಲ್ಲ, ಗಡಿಯಾರವನ್ನು. ಬದಲಿಗೆ ಮೊದಲ ದಿನ ಒಂದು ನಿಗದಿತ ಹೊತ್ತಿಗೆ ಆನ್ ಮಾಡಿ ಅಳೆಯಿರಿ, ಮರುದಿನ ಆಫ್ ಮಾಡಿ. ಮರುದಿನ ಸರಿಯಾಗಿ ಅದೇ ಹೊತ್ತಿಗಲ್ಲ, 4 ನಿಮಿಷ ಮೊದಲು ಶುರು ಮಾಡಿ. ಜಿಪಿಎಸ್ ಉಪಗ್ರಹಗಳ ಜೋಡಣೆ ನಿತ್ಯ ಸುಮಾರು 4 ನಿಮಿಷ ಮುಂಚೆ ಮರುಕಳಿಸುತ್ತದೆ, ನಕ್ಷತ್ರಗಳು ದಿನದಿನಕ್ಕೆ ಬೇಗ ಹುಟ್ಟುವ ಹಾಗೆ. ಹೀಗೆ ಮಾಡಿದರೆ ಎರಡೂ ದಿನ ಅದೇ ಉಪಗ್ರಹಗಳು ಅದೇ ಜಾಗದಲ್ಲಿರುತ್ತವೆ, ಗೋಡೆಯ ಪ್ರತಿಫಲನವೂ ಅಷ್ಟೇ ಇರುತ್ತದೆ. ಆದರೂ ಅಯಾನುಗೋಳ ದಿನದಿಂದ ದಿನಕ್ಕೆ ಒಂದೇ ತೆರನಾಗಿರುವುದಿಲ್ಲವಾದ್ದರಿಂದ ಇನ್ನೊಂದು ಜೋಡಿ ದಿನ ಆನ್-ಆಫ್‌ಗಳ ಸರದಿ ಬದಲಿಸಿ ಮಾಡಿದರೆ ತೀರ್ಪು ಗಟ್ಟಿಯಾಗುತ್ತದೆ. ಒಂದೇ ಮಾದರಿಯ ಎರಡು ಉಪಕರಣಗಳಿದ್ದರೆ ಇಷ್ಟು ಕಷ್ಟವೇ ಬೇಡ. ಅಕ್ಕಪಕ್ಕ ಇಟ್ಟು ಒಂದರಲ್ಲಿ ಆನ್, ಇನ್ನೊಂದರಲ್ಲಿ ಆಫ್ ಮಾಡಿದರಾಯಿತು.

‘ಸರಾಸರಿ ತೆಗೆದರೆ ಸಾಕಲ್ಲವೇ, ತಿದ್ದುಪಡಿ ಏಕೆ?’ ಎಂದು ಕೇಳುವವರಿಗೆ: ಇವೆರಡೂ ಬೇರೆ ಬೇರೆ ರೋಗದ ಔಷಧಿಗಳು. ಕ್ಷಣಕ್ಷಣಕ್ಕೂ ಅತ್ತಿತ್ತ ಜಿಗಿಯುವ ದೋಷವನ್ನು ಸರಾಸರಿ ತಣಿಸುತ್ತದೆ. ಅಯಾನುಗೋಳದ ದೋಷ ಹಾಗೆ ಜಿಗಿಯುವುದಿಲ್ಲ. ಒಂದೇ ಕಡೆಗೆ ವಾಲಿ ಬಹಳ ಹೊತ್ತು ಹಾಗೆಯೇ ಇರುತ್ತದೆ. ಹತ್ತು ನಿಮಿಷ ಸರಾಸರಿ ತೆಗೆದರೆ ನಿಮಗೆ ಸಿಗುವುದು ಬಹಳ ಸ್ಥಿರವಾದ ಒಂದು ತಪ್ಪು ಉತ್ತರ. ಅದನ್ನು ನೇರ ಮಾಡಲು ತಿದ್ದುಪಡಿ ಬೇಕು, ಇಲ್ಲವೆ ಕನಿಷ್ಠ ಒಂದೂವರೆ ಗಂಟೆಯ ಅಂತರ ಬಿಟ್ಟು ಹಲವು ಬಾರಿ ಅದೇ ಜಾಗಕ್ಕೆ ಬಂದು ಅಳೆಯಬೇಕು. ಎರಡನ್ನೂ ಮಾಡಿದರೆ ಕೈ ಉಪಕರಣದಿಂದ ಸಿಗಬಹುದಾದ ಅತ್ಯುತ್ತಮ ಫಲ ಸಿಕ್ಕಿತೆಂದೇ ತಿಳಿಯಿರಿ.

ಏನು ನಿರೀಕ್ಷಿಸಬಹುದು? ತೆರೆದ ಬಯಲಿನಲ್ಲಿ ಸಾಮಾನ್ಯ ಜಿಪಿಎಸ್ 3ರಿಂದ 5 ಮೀಟರ್ ಒಳಗೆ ಇರುತ್ತದೆ. ತಿದ್ದುಪಡಿಯೊಂದಿಗೆ 1ರಿಂದ 3 ಮೀಟರ್. ಸೆಂಟಿಮೀಟರ್ ಲೆಕ್ಕದ ಕನಸು ಕಾಣಬೇಡಿ, ಅದು ಬೇರೆ ಜಾತಿಯ, ಬೇರೆ ಬೆಲೆಯ ಉಪಕರಣಗಳ ಕೆಲಸ. ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ವ್ಯತ್ಯಾಸವೇ ಕಾಣದಿರಬಹುದು. ಅಲ್ಲಿ ದೋಷ ಹುಟ್ಟುತ್ತಿರುವುದು ಆಕಾಶದಲ್ಲಲ್ಲ, ನಿಮ್ಮ ಸುತ್ತಲಿನ ಹತ್ತಿಪ್ಪತ್ತು ಮೀಟರ್‌ಗಳಲ್ಲಿ. ನೂರಾರು ಕಿ.ಮೀ. ದೂರದ ನೆಲಕೇಂದ್ರಕ್ಕೆ ನಿಮ್ಮ ತಲೆಯ ಮೇಲಿನ ಒದ್ದೆ ಎಲೆಗಳ ವಿಚಾರ ತಿಳಿಯುವುದಾದರೂ ಹೇಗೆ?

ಹಂತ 6: ಕೆಲಸ ನೋಡಿ ನಿರ್ಧರಿಸಿ

ಒಂದು ಬಿಂದುವನ್ನು ಗುರುತಿಸಿ ಮತ್ತೊಂದು ದಿನ ಅಲ್ಲಿಗೇ ಮರಳಬೇಕೆ? ಬಾವಿ, ಗಡಿಕಲ್ಲು, ನೆಟ್ಟ ಸಸಿ, ನೀರಿನ ಕೊಳವೆಯ ವಾಲ್ವ್? ಆನ್ ಇರಲಿ. ತಿದ್ದುಪಡಿಯ ನಿಜವಾದ ಉಪಯೋಗ ಇಲ್ಲೇ ಇದೆ, ಏಕೆಂದರೆ ಎರಡು ಬೇರೆ ದಿನಗಳ ಬೇರೆ ಬೇರೆ ವಾಲುವಿಕೆಗಳನ್ನು ಅದು ಕಳೆಯುತ್ತದೆ.

ಜಮೀನಿನ ವಿಸ್ತೀರ್ಣ ಅಳೆಯುವುದಾದರೆ ಸ್ವಲ್ಪ ಯೋಚಿಸಬೇಕು. 40 ಮೀಟರ್ ಉದ್ದ, 25 ಮೀಟರ್ ಅಗಲದ ತುಂಡು ಭೂಮಿ ಎಂದುಕೊಳ್ಳಿ. 1,000 ಚದರ ಮೀಟರ್. ತಿದ್ದುಪಡಿ ಇಲ್ಲದೆ ನಾಲ್ಕೂ ಮೂಲೆಗಳನ್ನು ಹತ್ತು ನಿಮಿಷದೊಳಗೆ ಸುತ್ತಿ ಬಂದರೆ ನಾಲ್ಕೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಒಂದೇ ದೂರ ವಾಲಿರುತ್ತವೆ. ಇಡೀ ಜಮೀನು ನಕ್ಷೆಯ ಮೇಲೆ 4 ಮೀಟರ್ ಪೂರ್ವಕ್ಕೆ ಜರುಗಿರಬಹುದು, ವಿಸ್ತೀರ್ಣ ಮಾತ್ರ ಅಲುಗುವುದಿಲ್ಲ. ಈಗ ತಿದ್ದುಪಡಿ ಆನ್ ಮಾಡಿ ಹೊರಟಿರಿ, ಮೊದಲೆರಡು ಮೂಲೆಗಳಲ್ಲಿ ‘ಡಿ’ ಇತ್ತು, ಉಳಿದೆರಡರ ಬಳಿ ಸಾಲುಮರ ಅಡ್ಡ ಬಂದು ಹೋಯಿತು ಎನ್ನಿ. ಆ ಎರಡು ಮೂಲೆಗಳು ಉದ್ದದ ದಿಕ್ಕಿನಲ್ಲಿ 2 ಮೀಟರ್ ಹೊರಕ್ಕೆ ಜರುಗಿದರೆ 40 ಮೀಟರ್ ಉದ್ದ 42 ಆಗುತ್ತದೆ, ವಿಸ್ತೀರ್ಣ 1,050. ಇಲ್ಲದ 50 ಚದರ ಮೀಟರ್ ಎಲ್ಲಿಂದಲೋ ಬಂದು ಕೂತಿತು. ಇಲ್ಲಿ ಪೂರ್ತಿ ಆನ್ ಇದ್ದರೂ ಸರಿ, ಪೂರ್ತಿ ಆಫ್ ಇದ್ದರೂ ಸರಿ; ಅರ್ಧಂಬರ್ಧವೇ ಅಪಾಯ. ‘ಡಿ’ ಬಂದು ಹೋಗಿ ಮಾಡುವ ಜಾಗವಾದರೆ ನಾನು ಆಫ್ ಮಾಡಿಯೇ ಸುತ್ತುತ್ತೇನೆ. ಕಾನೂನಿನ ವ್ಯಾಜ್ಯಕ್ಕೆ ಬೇಕಾದ ಅಳತೆಯಾದರೆ ಕೈ ಉಪಕರಣವನ್ನು ಚೀಲದಲ್ಲೇ ಬಿಟ್ಟು ಸರ್ವೆಯರ್‌ರನ್ನು ಕರೆಯಿರಿ.

ಹಲವು ದಿನಗಳ ಚಾರಣ, ಬ್ಯಾಟರಿ ತುಂಬಿಸುವ ದಾರಿಯಿಲ್ಲ ಎಂದಾದರೆ ಉಳಿತಾಯ ಸ್ಥಿತಿಗೆ ಆದ್ಯತೆ ಕೊಡಿ, ತಿದ್ದುಪಡಿಯನ್ನು ಮರೆತುಬಿಡಿ. ಕಾಲುದಾರಿಯ ಮೇಲೆ ಎರಡು ಮೀಟರ್ ಆಚೀಚೆ ಆದರೆ ಯಾರೂ ದಾರಿ ತಪ್ಪುವುದಿಲ್ಲ. ಬ್ಯಾಟರಿ ಸತ್ತರೆ ತಪ್ಪುತ್ತಾರೆ. ದಟ್ಟ ಕಾಡಿನಲ್ಲಿ ಗ್ಲೊನಾಸ್, ಗೆಲಿಲಿಯೊಗಳನ್ನು ಆನ್ ಮಾಡುವುದು ತಿದ್ದುಪಡಿಗಿಂತ ಹೆಚ್ಚು ನೆರವಾಗುತ್ತದೆ. ಎಲೆಗಳ ಸಂದಿಯಲ್ಲಿ ಸಿಗುವ ಉಪಗ್ರಹಗಳ ಎಣಿಕೆ ಹೆಚ್ಚುವುದೇ ಅಲ್ಲಿ ಲಾಭ.

ಎರಡು ಆವರ್ತನಗಳನ್ನು ಆಲಿಸುವ ಹೊಸ ಉಪಕರಣಗಳಲ್ಲಿ ಲೆಕ್ಕವೇ ಬದಲಾಗಿದೆ. ಅಯಾನುಗೋಳ ಬೇರೆ ಬೇರೆ ಆವರ್ತನಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡೆಯುತ್ತದೆ. ಎರಡನ್ನೂ ಹೋಲಿಸಿ ಆ ದೋಷವನ್ನು ಉಪಕರಣ ತಾನೇ ಅಳೆದು ಕಳೆಯಬಲ್ಲದು. ಅವುಗಳಲ್ಲಿ ತಿದ್ದುಪಡಿ ಸ್ವಿಚ್ ಮೆನುವಿನ ಆಳದಲ್ಲಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಮೋಸ ಹೋದೆವೆಂದು ಕೊರಗಬೇಕಿಲ್ಲ.

ಸಂಜೆಯ ಸಮಸ್ಯೆ

ಭಾರತದಿಂದ ಬರುವ ಒಂದು ದೂರು ಪದೇಪದೇ ಕಿವಿಗೆ ಬೀಳುತ್ತದೆ: ಹಗಲೆಲ್ಲ ಇದ್ದ ‘ಡಿ’ ಸೂರ್ಯ ಮುಳುಗಿದ ಮೇಲೆ ಮಾಯವಾಗುತ್ತದೆ, ಉಪಕರಣ ಕೆಟ್ಟಿದೆಯೇ ಎಂದು. ಕೆಟ್ಟಿಲ್ಲ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಆ ರೇಖೆಯ ಆಸುಪಾಸಿನ ಅಯಾನುಗೋಳ ಲೋಕದಲ್ಲೇ ಅತಿ ಚಂಚಲವಾದದ್ದು. ಸೂರ್ಯಾಸ್ತದ ಬಳಿಕ ಅಲ್ಲಿ ಕುದಿಯುವ ನೀರಿನಲ್ಲಿ ಎದ್ದಂತೆ ಗುಳ್ಳೆಗಳು ಏಳುತ್ತವೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ಗಳಲ್ಲಿ, ಅದರಲ್ಲೂ ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಹೆಚ್ಚು. ಗುಳ್ಳೆಯ ಮೂಲಕ ಹಾದ ಸಂಕೇತ ನಕ್ಷತ್ರದ ಹಾಗೆ ಮಿನುಗುತ್ತದೆ, ಕೆಲವೊಮ್ಮೆ ಕಡಿದೇ ಹೋಗುತ್ತದೆ. 5 ಡಿಗ್ರಿಯ ಬಲೆಯ ಕಣ್ಣುಗಳಲ್ಲಿ ಈ ಗುಳ್ಳೆಗಳು ಸಲೀಸಾಗಿ ತೂರಿಹೋಗುತ್ತವೆ. ಇದೇ ಕಾರಣಕ್ಕೆ ಗಗನ್‌ಗಾಗಿ ಇಸ್ರೊ ಅಯಾನುಗೋಳದ ಪ್ರತ್ಯೇಕ ಮಾದರಿಯೊಂದನ್ನು ರೂಪಿಸಬೇಕಾಯಿತು. ಯಾವ ಗಂಟಿನ ಬೆಲೆಯ ಬಗ್ಗೆ ಭರವಸೆಯಿಲ್ಲವೋ ಅದನ್ನು ‘ಬಳಸಬೇಡಿ’ ಎಂದು ವ್ಯವಸ್ಥೆಯೇ ಗುರುತು ಮಾಡಿ ಕಳುಹಿಸುತ್ತದೆ, ನಿಮ್ಮ ಪರದೆಯ ‘ಡಿ’ಗಳು ಅಳಿಸಿಹೋಗುತ್ತವೆ. ಮುಖ್ಯವಾದ ಬಿಂದುಗಳನ್ನು ಬೆಳಗಿನ ಹೊತ್ತು ಅಳೆಯಿರಿ. ಸಂಜೆ ಏಳರಿಂದ ನಡುರಾತ್ರಿಯವರೆಗಿನ ಅಳತೆಗಳ ಪಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇರಲಿ.

ನೋಟ್‌ಬುಕ್ಕಿನ ಮಾತು ಬಂತು. ಪ್ರತಿ ಬಿಂದುವಿನ ಎದುರು ದಿನಾಂಕ, ವೇಳೆ, ಡೇಟಮ್, ಕಾದ ನಿಮಿಷಗಳು, ‘ಡಿ’ ಇತ್ತೋ ಇಲ್ಲವೋ ಇಷ್ಟನ್ನು ಬರೆದುಕೊಳ್ಳಿ. ಹೆಚ್ಚಿನ ಉಪಕರಣಗಳು ವೇಪಾಯಿಂಟ್ ಉಳಿಸುವಾಗ ಕೊನೆಯ ಸಂಗತಿಯನ್ನು ದಾಖಲಿಸುವುದೇ ಇಲ್ಲ. ಆರು ತಿಂಗಳ ನಂತರ ಅದೇ ಬಿಂದುವಿಗೆ ಎರಡು ಬೇರೆ ಅಂಕಿಗಳು ಸಿಕ್ಕಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದಕ್ಕೆ ಅಡ್ಡಗೆರೆ ಎಳೆಯಬೇಕು ಎಂಬುದು ಆ ಒಂದು ಅಕ್ಷರದಿಂದ ಗೊತ್ತಾಗುತ್ತದೆ.